‘ಬಹುದು’ ಹೋಗಿ ‘ಬೇಕು’ ಬಂತು: ಮನೆ ಅಗ್ರಿಮೆಂಟ್ ಮುರಿದರೆ ಕೋರ್ಟ್ ಮನೆ ಕೊಡಿಸುತ್ತದೆಯೇ?

ಮನೆ ನೋಡಿದ್ದಾಯಿತು. ರೇಟು ಕುದುರಿತು. ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡಿದ್ದೂ ಆಯಿತು. ಉಳಿದ ಹಣ ಕೊಟ್ಟು ಕ್ರಯಪತ್ರ ಬರೆಸಿಕೊಳ್ಳಲು ಆರು ತಿಂಗಳ ಗಡುವು. ಅಷ್ಟರಲ್ಲಿ ಆ ಕಡೆ ಮೆಟ್ರೋ ಬರುತ್ತದೆ ಎಂಬ ಸುದ್ದಿ ಹಬ್ಬುತ್ತದೆ. ಮಾರುವವರು ಫೋನ್ ಎತ್ತುವುದು ಕಡಿಮೆಯಾಗುತ್ತದೆ. ಕೊನೆಗೊಂದು ದಿನ ಉತ್ತರ ಬರುತ್ತದೆ: ‘ಮನೇಲಿ ಯಾರಿಗೂ ಮಾರೋ ಮನಸ್ಸಿಲ್ಲ ಸಾರ್. ನಿಮ್ಮ ಅಡ್ವಾನ್ಸ್ ವಾಪಸ್ ತಗೊಳ್ಳಿ. ಬೇಕಾದ್ರೆ ಮೇಲೆ ಸ್ವಲ್ಪ ಸೇರಿಸಿ ಕೊಡ್ತೀವಿ.’

ಕೊಳ್ಳುವವರಿಗೆ ಬೇಕಾಗಿದ್ದು ದುಡ್ಡಲ್ಲ, ಮನೆ. ಆ ದುಡ್ಡಿಗೆ ಈಗ ಅಂಥ ಮನೆ ಎಲ್ಲೂ ಸಿಗುವುದಿಲ್ಲ. ಮಾರಲೇಬೇಕು ಎಂದು ಒತ್ತಾಯ ಮಾಡಲು ಆಗುತ್ತದಾ?

ಆಗುತ್ತದೆ. 2018ರಿಂದ ಈಚೆಗೆ ಕಾನೂನು ಕೊಳ್ಳುವವರ ಪರವಾಗಿ ಇನ್ನಷ್ಟು ಗಟ್ಟಿಯಾಗಿದೆ. ಆದರೂ ಇಂಥ ಕೇಸುಗಳಲ್ಲಿ ಕೊಳ್ಳುವವರು ಸೋಲುವುದು ನಿಂತಿಲ್ಲ. ಯಾಕೆಂದರೆ ಕೇಸಿನ ಹಣೆಬರಹ ಬರೆದಿರುವುದು ಕಾನೂನಿನ ಪುಸ್ತಕದಲ್ಲಿ ಮಾತ್ರ ಅಲ್ಲ. ಅಗ್ರಿಮೆಂಟ್ ಆದ ದಿನದಿಂದ ಕೋರ್ಟಿಗೆ ಹೋದ ದಿನದವರೆಗೆ ನೀವು ಏನು ಮಾಡಿದಿರಿ, ನಿಮ್ಮ ಖಾತೆಯಲ್ಲಿ ಎಷ್ಟು ಹಣ ಇತ್ತು, ಯಾವ ಪತ್ರ ಬರೆದಿರಿ ಎಂಬಲ್ಲೇ ಅರ್ಧ ತೀರ್ಪು ಇರುತ್ತದೆ.

ಮೊದಲು ಕೈಯಲ್ಲಿರುವ ಕಾಗದದ ಬೆಲೆ ಏನು ನೋಡೋಣ. ಅಗ್ರಿಮೆಂಟ್ ಆದ ಕೂಡಲೇ ಮನೆಯಲ್ಲಿ ಅರ್ಧ ಪಾಲು ತಮ್ಮದಾಯಿತು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ: ಮಾರಾಟದ ಕರಾರು ತಾನಾಗಿಯೇ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಕರಾರಾದ ಕ್ಷಣದಿಂದ ಕೊಳ್ಳುವವರನ್ನು ನ್ಯಾಯದ ದೃಷ್ಟಿಯಲ್ಲಿ ಒಂದು ಬಗೆಯ ಮಾಲೀಕರು ಎಂದೇ ಕಾಣುತ್ತಾರೆ. ನಮ್ಮಲ್ಲಿ ಅದನ್ನು ಬೇಕೆಂತಲೇ ಬಿಟ್ಟರು. ಮಾಲೀಕತ್ವ ಬರುವುದು ನೋಂದಣಿಯಾದ ಕ್ರಯಪತ್ರದಿಂದ ಮಾತ್ರ. ಅಗ್ರಿಮೆಂಟ್ ಜೊತೆಗೆ ಒಂದು ಜಿಪಿಎ (ಮಾರುವವರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ), ಒಂದು ವಿಲ್ ಬರೆಸಿಕೊಂಡು ‘ಎಲ್ಲಾ ಸರಿಯಾಗಿದೆ’ ಎಂದು ಕೂರುವ ಪದ್ಧತಿಗೆ ಸುಪ್ರೀಂ ಕೋರ್ಟ್ 2011ರಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಇದು ಮಾರಾಟವೇ ಅಲ್ಲ ಎಂದು ಹೇಳಿಬಿಟ್ಟಿತು.

ಅಂದರೆ ಅಗ್ರಿಮೆಂಟ್ ನಿಮಗೆ ಕೊಡುವುದು ಮನೆಯನ್ನಲ್ಲ. ಮನೆ ಕೊಡಿಸಿ ಎಂದು ಕೇಳುವ ಹಕ್ಕನ್ನು. ಮುಂಗಡಕ್ಕೆ ನಮ್ಮ ಹಳೇ ಪತ್ರಗಳಲ್ಲಿ ‘ಸಂಚಕಾರ’ ಎಂಬ ಪದ ಇದೆ. ಈಗ ಆ ಪದ ‘ಪ್ರಾಣಕ್ಕೇ ಸಂಚಕಾರ’ ಎನ್ನುವಾಗ ಮಾತ್ರ ಬಾಯಿಗೆ ಬರುತ್ತದೆ. ಅಡ್ವಾನ್ಸ್ ಕೊಟ್ಟು ಕೋರ್ಟಿಗೆ ಅಲೆದವರಿಗೆ ಎರಡು ಅರ್ಥವೂ ಹತ್ತಿರವೇ ಅನ್ನಿಸಬಹುದು.

ಕರಾರು ಮುರಿದವರಿಂದ ಸಾಮಾನ್ಯವಾಗಿ ಸಿಗುವುದು ದುಡ್ಡಿನ ಪರಿಹಾರ. ಅಕ್ಕಿ ಕೊಡುತ್ತೇನೆಂದು ಕೊಡದಿದ್ದರೆ ಬೇರೆ ಕಡೆ ಕೊಂಡು, ಜಾಸ್ತಿ ಬಿದ್ದ ಹಣವನ್ನು ಮುರಿದವರಿಂದ ವಸೂಲಿ ಮಾಡಬಹುದು. ಮನೆ ಹಾಗಲ್ಲ. ಆ ಮೂಲೆ, ಆ ಬೆಳಕು, ಆ ನೆರೆಹೊರೆ ಇನ್ನೊಂದು ಕಡೆ ಸಿಗುವುದಿಲ್ಲ. ಇಂಗ್ಲೆಂಡಿನ ಚಾನ್ಸರಿ ಕೋರ್ಟುಗಳು ಇದೇ ಕಾರಣಕ್ಕೆ, ದುಡ್ಡು ಸಾಲದು, ಮಾತಿನಂತೆ ನಡೆಯಿರಿ ಎಂದು ಆಜ್ಞೆ ಮಾಡತೊಡಗಿದವು. ನಮ್ಮಲ್ಲಿ ಅದು 1877ರಲ್ಲಿ ಕಾಯ್ದೆಯಾಯಿತು. ಅದರ ಜಾಗಕ್ಕೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಬಂತು. ಜಮೀನು, ಮನೆಯ ಕರಾರು ಮುರಿದರೆ ದುಡ್ಡಿನಿಂದ ಸರಿಹೋಗುವುದಿಲ್ಲ ಎಂದೇ ಕೋರ್ಟ್ ಊಹಿಸಿಕೊಳ್ಳಬೇಕು ಎಂದು ಅದರಲ್ಲಿ ಬರೆದಿದ್ದರು.

ಎಲ್ಲ ಕಡೆ ಈ ನಂಬಿಕೆ ಹಾಗೇ ಉಳಿದಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 1996ರಲ್ಲಿ ಪಕ್ಕಾ ವ್ಯವಹಾರದ ಮಾತಾಡಿತು. ಈಗ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು ಸಾಲುಸಾಲಾಗಿವೆ. ಪ್ರತಿ ಮನೆಯೂ ಅಪರೂಪದ್ದು ಎಂದು ಯಾಕೆ ಊಹಿಸಬೇಕು, ಅಪರೂಪದ್ದು ಎಂದು ಕೇಳಿದವರೇ ತೋರಿಸಲಿ ಎಂದಿತು. ಒಂದೇ ಬಗೆಯ ನೂರಾರು ಫ್ಲಾಟುಗಳ ಕಾಲದಲ್ಲಿ ಆ ಪ್ರಶ್ನೆ ನಮ್ಮಲ್ಲೂ ಏಳಬಹುದಿತ್ತು. ನಾವು ಹೋಗಿದ್ದು ಇನ್ನೊಂದೇ ದಾರಿಯಲ್ಲಿ.

1963ರ ಕಾಯ್ದೆಯಲ್ಲಿ ಒಂದು ಸಣ್ಣ ಪದ ಇತ್ತು. ಕರಾರನ್ನು ಜಾರಿ ಮಾಡಿಸ‘ಬಹುದು’. ಮಾಡಿಸುವುದು ಬಿಡುವುದು ಕೋರ್ಟಿನ ವಿವೇಚನೆ. ಮಾರುವವರಿಗೆ ಊಹಿಸದ ಕಷ್ಟ ಬರುತ್ತದೆ ಎನಿಸಿದರೆ, ಕೊಳ್ಳುವವರಿಗೆ ಅನ್ಯಾಯದ ಲಾಭ ಆಗುತ್ತದೆ ಎನಿಸಿದರೆ, ಮನೆ ಬೇಡ, ಹಣ ವಾಪಸ್ ತಗೊಳ್ಳಿ ಎನ್ನಬಹುದಿತ್ತು. ಇದರಿಂದ ಕರಾರು ಮುರಿದವರಿಗೂ ಒಂದು ಆಸೆ ಉಳಿಯುತ್ತಿತ್ತು. ಕೇಸು ಎಳೆದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ‘ಹಳೇ ರೇಟಿಗೆ ಕೊಟ್ಟರೆ ಅನ್ಯಾಯ’ ಎಂಬ ವಾದಕ್ಕೆ ಬಲ ಬರುತ್ತದೆ. ಎಳೆಯುವವರಿಗೇ ಬಹುಮಾನ! ಬೆಲೆ ಏರಿತು ಎಂಬ ಒಂದೇ ಕಾರಣಕ್ಕೆ ಕೊಳ್ಳುವವರಿಗೆ ಇಲ್ಲ ಎನ್ನುವಂತಿಲ್ಲ, ಬೇಕಿದ್ದರೆ ಹೆಚ್ಚುವರಿ ಹಣ ಕೊಡುವ ಷರತ್ತು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮೇಲೂ ಈ ಅನಿಶ್ಚಿತತೆ ಪೂರ್ತಿ ಹೋಗಲಿಲ್ಲ.

2018ರಲ್ಲಿ ಸಂಸತ್ತು ಆ ‘ಬಹುದು’ ಪದವನ್ನು ಕಿತ್ತು ‘ಬೇಕು’ ಹಾಕಿತು. ಆ ವರ್ಷ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಗೆ ಬಂತು. ಕಷ್ಟದ ಕಾರಣ ಹೇಳಿ ನಿರಾಕರಿಸಲು ಜಾಗ ಕೊಡುತ್ತಿದ್ದ 20ನೇ ಸೆಕ್ಷನ್ನನ್ನು ಪೂರ್ತಿ ತೆಗೆದು ಬೇರೆ ವಿಷಯ ಬರೆದರು. ಇದರ ಹಿಂದೆ ಇದ್ದ ಗುರಿ ವ್ಯಾಪಾರ ಸುಲಭವಾಗಬೇಕು ಎಂಬುದು. ವಿಶ್ವ ಬ್ಯಾಂಕಿನ 2018ರ ಪಟ್ಟಿಯಲ್ಲಿ ಕರಾರು ಜಾರಿ ಮಾಡಿಸುವ ವಿಷಯದಲ್ಲಿ ಭಾರತ 190 ದೇಶಗಳಲ್ಲಿ 164ನೇ ಸ್ಥಾನದಲ್ಲಿತ್ತು. ತಮಾಷೆ ಏನೆಂದರೆ, ಆ ಲೆಕ್ಕ ಹಾಕಿದ್ದು ಮುಂಬೈ ಮತ್ತು ದೆಹಲಿಯ ವ್ಯಾಪಾರಿಗಳ ನಡುವಿನ ತಗಾದೆ ನೋಡಿ. ಅದರ ಬಿಸಿ ತಟ್ಟಿದ್ದು ಊರೂರಿನ ಮನೆ, ಸೈಟು ಕೇಸುಗಳಿಗೆ.

ಹಾಗಾದರೆ 2018ಕ್ಕೆ ಮುಂಚೆ ಬರೆದ ಅಗ್ರಿಮೆಂಟಿಗೆ ಯಾವ ನಿಯಮ? ಹೊಸ ನಿಯಮ ಹಿಂದಿನ ವ್ಯವಹಾರಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಹೇಳಿತು. ಆ ತೀರ್ಪನ್ನೇ 2024ರ ನವೆಂಬರ್‌ನಲ್ಲಿ ಮರುಪರಿಶೀಲನೆ ಮಾಡಿ ಹಿಂಪಡೆಯಿತು. ಹಾಗಾಗಿ ಹಳೇ ಅಗ್ರಿಮೆಂಟುಗಳ ಬಗ್ಗೆ ವಕೀಲರ ಜಗ್ಗಾಟ ಇನ್ನೂ ಮುಗಿದಿಲ್ಲ. ನಿಮ್ಮ ಕೈಯಲ್ಲಿರುವುದು ಅಂಥ ಹಳೇ ಅಗ್ರಿಮೆಂಟ್ ಆಗಿದ್ದರೆ ಎರಡೂ ನಿಯಮಕ್ಕೆ ಸಿದ್ಧರಾಗಿಯೇ ಹೋಗಬೇಕು.

ಈಗ ಅಸಲಿ ವಿಷಯಕ್ಕೆ ಬರೋಣ. ಕೋರ್ಟ್ ಕೊಡಿಸಲೇ‘ಬೇಕು’ ನಿಜ. ಆದರೆ ಅದಕ್ಕೊಂದು ಬಾಗಿಲು ಇದೆ. ಅದು 16ನೇ ಸೆಕ್ಷನ್. ನನ್ನ ಪಾಲಿನ ಕರಾರು ನಡೆಸಲು ನಾನು ಸದಾ ಸಿದ್ಧನಿದ್ದೆ, ಮನಸ್ಸೂ ಇತ್ತು ಎಂದು ಕೇಳಿದವರು ರುಜುವಾತು ಮಾಡಬೇಕು. ‘ಸಿದ್ಧ’ ಎಂದರೆ ದುಡ್ಡಿನ ತಾಕತ್ತು. ‘ಮನಸ್ಸು’ ಎಂದರೆ ನಡೆದುಕೊಂಡ ರೀತಿ. ಇವೆರಡೂ ಒಂದು ದಿನಕ್ಕೆ ಇದ್ದರೆ ಸಾಲದು. ಅಗ್ರಿಮೆಂಟ್ ಆದ ದಿನದಿಂದ ತೀರ್ಪಿನವರೆಗೆ ಎಳೆ ಕಡಿಯದೆ ಇರಬೇಕು.

ಹಿಂದೆ ‘ನಾನು ಸಿದ್ಧನಿದ್ದೇನೆ’ ಎಂದು ದಾವೆಯಲ್ಲಿ ಬರೆಯುವುದನ್ನೇ ಮರೆತು ಕೇಸು ಕಳೆದುಕೊಂಡವರಿದ್ದರು. 2018ರ ತಿದ್ದುಪಡಿ ಆ ಮಂತ್ರದ ಕಾಟವನ್ನು ತೆಗೆದುಹಾಕಿತು. ರುಜುವಾತಿನ ಹೊರೆ ಮಾತ್ರ ಹಾಗೇ ಇದೆ. ನನಗನ್ನಿಸುವ ಪ್ರಕಾರ ಅದು ಇನ್ನೂ ಭಾರವಾಗಿದೆ. ಮೊದಲು ಮಾರುವವರ ವಕೀಲರಿಗೆ ಕೋರ್ಟಿನ ಮನಸ್ಸು ಕರಗಿಸುವ ದಾರಿ ಇತ್ತು. ಈಗ ಅದು ಮುಚ್ಚಿದೆ. ಹಾಗಾಗಿ ಅವರ ಪೂರ್ತಿ ಶಕ್ತಿ ಒಂದೇ ಕಡೆ ಬೀಳುತ್ತದೆ: ‘ಸ್ವಾಮಿ, ಇವರ ಹತ್ತಿರ ದುಡ್ಡೇ ಇರಲಿಲ್ಲ.’

ಇದನ್ನು ಎದುರಿಸಲು ಗಂಟು ಹೊತ್ತುಕೊಂಡು ಕೋರ್ಟಿಗೆ ಹೋಗಬೇಕಿಲ್ಲ. ಕೋರ್ಟ್ ಆದೇಶ ಮಾಡದ ಹೊರತು ಹಣ ಕಟ್ಟುವುದು ಕಡ್ಡಾಯ ಅಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಹಣ ಎಲ್ಲಿಂದ ಬರುತ್ತಿತ್ತು ಎಂದು ಕಾಗದ ತೋರಿಸಬೇಕು. ಬ್ಯಾಂಕ್ ಪಾಸ್‌ಬುಕ್, ಠೇವಣಿ ರಸೀದಿ, ಬ್ಯಾಂಕಿನವರು ಕೊಟ್ಟ ಲೋನ್ ಮಂಜೂರಾತಿ ಪತ್ರ ಇಂಥವು. ‘ಊರಿನ ತೋಟ ಮಾರಿ ಕೊಡ್ತಿದ್ದೆ’ ಎಂದು ಸಾಕ್ಷಿಕಟ್ಟೆಯಲ್ಲಿ ಬಾಯಲ್ಲಿ ಹೇಳಿದರೆ ಎದುರು ವಕೀಲರು ಸಂತೋಷವಾಗಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಮಾರಿದಿರಾ? ಯಾರಿಗೆ? ಯಾವಾಗ? ಕಾಗದ ಎಲ್ಲಿ?

ಮನಸ್ಸಿನ ವಿಷಯ ಇನ್ನೂ ಸೂಕ್ಷ್ಮ. 1997ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮಧುರೈನ ಮನೆಯೊಂದರ ಕೇಸು ಇದಕ್ಕೆ ಒಳ್ಳೇ ಉದಾಹರಣೆ. 1988ರ ಡಿಸೆಂಬರ್‌ನಲ್ಲಿ 60,000 ರೂಪಾಯಿಗೆ ಅಗ್ರಿಮೆಂಟ್. ಕೊಟ್ಟ ಮುಂಗಡ 5,000. ಗಡುವು ಆರು ತಿಂಗಳು. ಕೊಳ್ಳುವವರು ಬಾಯಿ ತೆರೆದಿದ್ದು ಎರಡೂವರೆ ವರ್ಷದ ಮೇಲೆ. ಅಷ್ಟು ದಿನ ಒಂದು ಪತ್ರ ಇಲ್ಲ, ಉಳಿದ ಹಣ ಕೊಡುವ ಪ್ರಯತ್ನ ಇಲ್ಲ, ಕ್ರಯಕ್ಕೆ ಛಾಪಾ ಕಾಗದ ತಂದಿದ್ದೂ ಇಲ್ಲ. ಕೋರ್ಟ್ ಮನೆ ಕೊಡಿಸಲಿಲ್ಲ. ಪಟ್ಟಣಗಳಲ್ಲಿ ಬೆಲೆ ಓಡುತ್ತಿರುವಾಗ, ಗಡುವು ಅಷ್ಟೇನೂ ಮುಖ್ಯವಲ್ಲ ಎಂಬ ಹಳೇ ನಿಯಮವನ್ನೇ ಮತ್ತೆ ಯೋಚಿಸಬೇಕು ಎಂಬ ಮಾತನ್ನೂ ಆಡಿತು. 2011ರಲ್ಲಿ ಇನ್ನೊಂದು ತೀರ್ಪಿನಲ್ಲಿ ಅದೇ ಮಾತನ್ನು ಇನ್ನೂ ಖಾರವಾಗಿ ಹೇಳಿತು.

ಆ ಹಳೇ ನಿಯಮದಿಂದಲೇ ಎಷ್ಟೋ ಜನ ಮೋಸ ಹೋಗುತ್ತಾರೆ. ಸ್ಥಿರಾಸ್ತಿಯ ಕರಾರಿನಲ್ಲಿ ದಿನಾಂಕ ಸ್ವಲ್ಪ ಹಿಂದೆ ಮುಂದೆ ಆದರೆ ಕರಾರು ಸಾಯುವುದಿಲ್ಲ ಎಂಬುದು ನಿಜ. ಕೇಸು ಹಾಕಲು ಗಡುವಿನ ದಿನದಿಂದ ಮೂರು ವರ್ಷ ಇದೆ ಎಂಬುದೂ ನಿಜ. ಗಡುವು ಬರೆದಿರದಿದ್ದರೆ, ಮಾರುವವರು ಕೊಡುವುದಿಲ್ಲ ಎಂದದ್ದು ಗೊತ್ತಾದ ದಿನದಿಂದ ಮೂರು ವರ್ಷ. ಆದರೆ ಮೂರು ವರ್ಷ ಸುಮ್ನೆ ಕೂತು ಕೊನೇ ವಾರ ಕೇಸು ಹಾಕಿದರೆ, ಕಾಲಮಿತಿಯಲ್ಲಿ ಪಾಸಾಗಿ ಮನಸ್ಸಿನ ಪರೀಕ್ಷೆಯಲ್ಲಿ ಫೇಲಾಗಬಹುದು. ಇನ್ನೊಂದು ಅಪಾಯ ಬಾಯಿಮಾತಿನ ಮುಂದೂಡಿಕೆ. ‘ಉಗಾದಿ ಕಳೀಲಿ, ಖಾತಾ ಆಗ್ಲಿ, ತಮ್ಮ ದುಬೈಯಿಂದ ಬರ್ಲಿ’ ಎಂದು ಮಾರುವವರು ತಳ್ಳುತ್ತಾ ಹೋಗುತ್ತಾರೆ. ನೀವೂ ಒಳ್ಳೇ ಮನಸ್ಸಿನಿಂದ ಒಪ್ಪುತ್ತೀರಿ. ಕಾಗದದ ಮೇಲೆ ಗಡುವು ಹಳೇದೇ ಇರುತ್ತದೆ. ಮೂರು ವರ್ಷದ ಗಡಿಯಾರ ಆ ಹಳೇ ದಿನದಿಂದಲೇ ಓಡುತ್ತಿರುತ್ತದೆ.

ಆದ್ದರಿಂದ ಗಡುವು ಮುಂದೆ ಹಾಕಿದರೆ ಅದೇ ಅಗ್ರಿಮೆಂಟಿನ ಹಿಂದೆ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಬೇಕು. ಮಾರುವವರು ತಪ್ಪಿಸಿಕೊಳ್ಳುವ ವಾಸನೆ ಬಂದ ಕೂಡಲೇ ಲಾಯರ್ ನೋಟಿಸ್ ಹೋಗಬೇಕು. ಹಣ ಸಿದ್ಧವಿದೆ, ಇಂಥ ದಿನ ಇಷ್ಟು ಹೊತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ ಎಂದು ಕರೆಯುವ ನೋಟಿಸ್. ಆ ದಿನ ನೀವು ಅಲ್ಲಿಗೆ ಹೋಗಿದ್ದಿರಿ ಎಂಬುದಕ್ಕೂ ಏನಾದರೂ ಗುರುತು ಇರಲಿ. ನೆಂಟಸ್ತಿಕೆ ಕೆಡುತ್ತದೆ ಎಂದು ಹಿಂಜರಿಯುವವರು ಜಾಸ್ತಿ. ಪರಿಚಯದವರ ನಡುವೆ ನಡೆದ ಅಗ್ರಿಮೆಂಟುಗಳು ಕೋರ್ಟಿನಲ್ಲಿ ಬಡವಾಗಿ ಕಾಣುವುದು ಇದೇ ದಾಕ್ಷಿಣ್ಯದಿಂದ.

ಎದುರಿನವರು ಮೊದಲೇ ‘ಅಗ್ರಿಮೆಂಟ್ ರದ್ದು ಮಾಡಿದ್ದೇವೆ’ ಎಂದು ನೋಟಿಸ್ ಕಳಿಸಿದ್ದರೆ ಅದನ್ನು ಹಗುರವಾಗಿ ಬಿಡುವಂತಿಲ್ಲ. ರದ್ದತಿಯೇ ತಪ್ಪು ಎಂದು ಘೋಷಿಸಿ ಎಂದು ಕೇಳದೆ ಬರೀ ಮನೆ ಕೇಳಿದ್ದಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ದಾವೆಯೇ ನಿಲ್ಲುವುದಿಲ್ಲ ಎಂದಿತ್ತು. ನಂತರದ ತೀರ್ಪುಗಳು ಇದನ್ನು ಸಡಿಲಿಸಿವೆ. ಆದರೂ ಒಂದು ಸಾಲು ಸೇರಿಸಿ ಕೇಳಿಬಿಡುವುದೇ ಕ್ಷೇಮ.

ಇನ್ನು ಕ್ಯಾಶ್ ವಿಷಯ. ಅಗ್ರಿಮೆಂಟಿನಲ್ಲಿ ಒಂದು ರೇಟು, ಕೈಯಲ್ಲಿ ಇನ್ನೊಂದು ರೇಟು ಎಂಬ ಪದ್ಧತಿ ಎಲ್ಲರಿಗೂ ಗೊತ್ತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂಬ ತೆರಿಗೆ ನಿಯಮ 2015ರ ಜೂನ್‌ನಿಂದಲೇ ಇದೆ. ದಂಡ ಬೀಳುವುದು ತೆಗೆದುಕೊಂಡವರ ಮೇಲೆ, ಅದೂ ತೆಗೆದುಕೊಂಡಷ್ಟೇ ಮೊತ್ತ. ಇದು ಇಷ್ಟು ದಿನ ಸಿವಿಲ್ ಕೋರ್ಟಿನ ಕಡೆ ಅಷ್ಟಾಗಿ ಸುಳಿದಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಸುಳಿಯಿತು. ಬೆಂಗಳೂರಿನ ಶಿಕ್ಷಣ ಸಂಸ್ಥೆಯೊಂದರ ಆಸ್ತಿಯ ಕೇಸಿನಲ್ಲಿ, 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟಿದ್ದೇವೆ ಎಂದು ಕೆಲವರು ಅಗ್ರಿಮೆಂಟ್ ಹಿಡಿದು ಬಂದಿದ್ದರು. ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಬರೀ ಅಗ್ರಿಮೆಂಟ್ ಹಿಡಿದವರು ಅದಕ್ಕೆ ಸಂಬಂಧವಿಲ್ಲದ ಮೂರನೆಯವರ ಮೇಲೆ ಹಕ್ಕು ಸಾಧಿಸಲಾಗದು. ಮತ್ತು ಇನ್ನುಮುಂದೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಕೊಟ್ಟಿದ್ದೇವೆ ಎಂದು ಯಾರಾದರೂ ದಾವೆ ಹಾಕಿದರೆ ಕೋರ್ಟು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಅಲ್ಲಿಗೆ ಕಪ್ಪು ಹಣದ ಅಗ್ರಿಮೆಂಟ್ ಹಿಡಿದವರು ಇಕ್ಕಟ್ಟಿಗೆ ಸಿಕ್ಕಿಬಿದ್ದರು. ಪೂರ್ತಿ ಹಣ ಹೇಳಿದರೆ ತೆರಿಗೆಯವರು ಬರುತ್ತಾರೆ. ಹೇಳದಿದ್ದರೆ ಕೊಟ್ಟ ಹಣಕ್ಕೆ ಲೆಕ್ಕವೇ ಇಲ್ಲ.

ಮಾರುವವರು ಮನೆಯನ್ನು ಬೇರೆಯವರಿಗೆ ಮಾರಿಯೇ ಬಿಟ್ಟರೆ? ಇದು ಎಲ್ಲರ ಎದೆಬಡಿತ ಜೋರಾಗುವ ಪ್ರಶ್ನೆ. ನಿಮ್ಮ ಅಗ್ರಿಮೆಂಟ್ ಇದ್ದದ್ದು ಗೊತ್ತಿಲ್ಲದೆ, ಒಳ್ಳೇ ನಂಬಿಕೆಯಿಂದ, ಪೂರ್ತಿ ಹಣ ಕೊಟ್ಟು ಕೊಂಡವರು ಬಚಾವಾಗುತ್ತಾರೆ. ಗೊತ್ತಿದ್ದೂ ಕೊಂಡವರಿಗೆ ಆ ರಕ್ಷಣೆ ಇಲ್ಲ. ಅವರನ್ನೂ ಕೇಸಿನಲ್ಲಿ ಸೇರಿಸಿ ನಿಮ್ಮ ಹೆಸರಿಗೆ ಕ್ರಯಪತ್ರ ಬರೆಸಬಹುದು. ‘ಗೊತ್ತಿತ್ತು’ ಎಂದು ತೋರಿಸಲು ಇರುವ ಸುಲಭದ ದಾರಿ ಅಗ್ರಿಮೆಂಟನ್ನೇ ನೋಂದಣಿ ಮಾಡಿಸುವುದು. ಆಗ ಅದು ಇಸಿಯಲ್ಲಿ, ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿ ಕೊಡುವ ಋಣಭಾರ ಪತ್ರದಲ್ಲಿ, ಕಾಣುತ್ತದೆ. ಇಸಿ ತೆಗೆಸಿ ನೋಡದೆ ಕೊಂಡೆ ಎನ್ನುವ ಮಾತಿಗೆ ಬೆಲೆ ಇರುವುದಿಲ್ಲ. ನೋಂದಣಿಯ ಖರ್ಚು ಉಳಿಸಲು ಹೋಗಿ ಜನ ಎಡವುವುದು ಇಲ್ಲೇ. ನೋಂದಣಿಯಾಗದ ಅಗ್ರಿಮೆಂಟ್ ಮೇಲೂ ಕೇಸು ಹಾಕಬಹುದು, ನೋಂದಣಿ ಕಾಯ್ದೆಯ 49ನೇ ಸೆಕ್ಷನ್ ಅದಕ್ಕೆ ದಾರಿ ಬಿಟ್ಟಿದೆ. ಆದರೆ ಮೂರನೆಯವರ ಎದುರು ಅದರ ದನಿ ತಗ್ಗುತ್ತದೆ.

ಕೇಸು ಹಾಕಿದ ಮೇಲೆ ಮಾರಿದರೆ ಚಿಂತೆ ಕಡಿಮೆ. ಕೊಂಡವರು ಕೇಸಿನ ಫಲಕ್ಕೆ ಕಟ್ಟುಬೀಳುತ್ತಾರೆ. ಹಾಗಿದ್ದರೂ ದಾವೆಯ ಜೊತೆಗೇ ತಡೆಯಾಜ್ಞೆ ಕೇಳುವುದು ರೂಢಿ, ಕೇಳಲೂ ಬೇಕು. ಇಲ್ಲದಿದ್ದರೆ ಮನೆ ಮೂರು ಕೈ ಬದಲಾಗಿ, ಪ್ರತಿಯೊಬ್ಬರೂ ಒಬ್ಬೊಬ್ಬ ವಕೀಲರನ್ನು ಇಟ್ಟುಕೊಂಡು ಬರುತ್ತಾರೆ.

ಅಗ್ರಿಮೆಂಟ್ ದಿನವೇ ಬೀಗದಕೈ ಪಡೆದವರ ಕತೆ ಸ್ವಲ್ಪ ಬೇರೆ. ಸ್ವಾಧೀನ ಪಡೆದಿದ್ದರೆ ಮಾರುವವರು ನಿಮ್ಮನ್ನು ಹೊರಹಾಕದಂತೆ ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಸೆಕ್ಷನ್ ಕಾಪಾಡುತ್ತದೆ. 2001ರಿಂದ ಈಚೆಗೆ ಅದಕ್ಕೆ ಅಗ್ರಿಮೆಂಟ್ ನೋಂದಣಿ ಆಗಿರಬೇಕು. ಮತ್ತೆ, ಕರ್ನಾಟಕದಲ್ಲಿ ಸ್ವಾಧೀನ ಕೊಟ್ಟ ಅಗ್ರಿಮೆಂಟಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಕಡಿಮೆ ಕಟ್ಟಿದ್ದರೆ ಬಾಕಿಯ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಆ ಕಾಗದವನ್ನು ಕೋರ್ಟ್ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕೇಸಿನ ನಡುವೆ ಈ ಬಿಲ್ ಬಂದಾಗ ಕೈಬಿಟ್ಟು ಹೋಗುವವರೂ ಇದ್ದಾರೆ.

ಸಹಿ ಯಾರದು ಎಂಬುದನ್ನು ಮೊದಲೇ ನೋಡಬೇಕಿತ್ತು ಎಂದು ಕೈಕೈ ಹಿಸುಕಿಕೊಳ್ಳುವವರು ಇನ್ನೊಂದಷ್ಟು ಜನ. ಪಿತ್ರಾರ್ಜಿತ ಮನೆಗೆ ಅಣ್ಣ ಒಬ್ಬನೇ ಸಹಿ ಹಾಕಿರುತ್ತಾನೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿದೆ. ತಂಗಿಯರು ಕೋರ್ಟಿಗೆ ಬಂದು ‘ನಾವು ಒಪ್ಪಿಲ್ಲ’ ಎಂದರೆ ‘ಬೇಕು’ ಎಂಬ ಪದ ಅವರ ಪಾಲಿನ ಬಳಿ ಸುಳಿಯುವುದಿಲ್ಲ. ಕರಾರಿಗೆ ಸಹಿ ಹಾಕದವರನ್ನು ಕಟ್ಟಿಹಾಕಲು ಆಗುವುದಿಲ್ಲ. ಅಣ್ಣನ ಪಾಲಷ್ಟೇ ಸಾಕು, ದುಡ್ಡು ಪೂರ್ತಿ ಕೊಡುತ್ತೇನೆ ಎಂದು ಕೇಳುವ ಅವಕಾಶ ಕೆಲವೊಮ್ಮೆ ಇದೆ. ಮನೆಯ ಮೂರನೇ ಒಂದು ಭಾಗ ಇಟ್ಟುಕೊಂಡು ಏನು ಮಾಡುತ್ತೀರಿ ಎಂಬುದು ಬೇರೆ ಪ್ರಶ್ನೆ.

ಇಷ್ಟು ಹೊತ್ತು ಕೊಳ್ಳುವವರೇ ಪಾಪ, ಮಾರುವವರೇ ಆಸೆಬುರುಕರು ಎಂಬಂತೆ ಬರೆದೆ. ಅದು ಅರ್ಧ ಚಿತ್ರ. ಇನ್ನರ್ಧ ಕೈಸಾಲದ ಲೋಕದಲ್ಲಿದೆ. ಮಗಳ ಮದುವೆಗೋ ಆಸ್ಪತ್ರೆಗೋ ಸಾಲ ಬೇಕು. ಕೊಡುವವರು ಪ್ರಾಮಿಸರಿ ನೋಟಿಗೆ ಒಪ್ಪುವುದಿಲ್ಲ. ‘ಸುಮ್ನೆ ಭದ್ರತೆಗೆ, ಒಂದು ಸೇಲ್ ಅಗ್ರಿಮೆಂಟ್ ಬರೆದುಕೊಡಿ, ಸಾಲ ತೀರಿದ ದಿನ ಹರಿದು ಹಾಕೋಣ’ ಎನ್ನುತ್ತಾರೆ. ಸಾಲದ ಮೊತ್ತವೇ ಅಡ್ವಾನ್ಸ್ ಆಗುತ್ತದೆ. ಮನೆ ಬೆಲೆ ಅರ್ಧಕ್ಕರ್ಧ ಕಡಿಮೆ ಬರೆಯುತ್ತಾರೆ. ಬಡ್ಡಿ ಎರಡು ಕಂತು ತಪ್ಪಿದರೆ ಅದೇ ಕಾಗದ ಕೋರ್ಟಿಗೆ ಬರುತ್ತದೆ, ಮನೆ ಕೊಡಿಸಿ ಎಂದು.

ಹಳೇ ಕಾಯ್ದೆಯಲ್ಲಿ ಇಂಥ ಮನೆಯವರಿಗೆ ನ್ಯಾಯಾಧೀಶರ ವಿವೇಚನೆ ಒಂದು ಆಸರೆಯಾಗಿತ್ತು. ಇದು ಮಾರಾಟ ಅಲ್ಲ, ಸಾಲ ಎಂಬುದನ್ನು ಪೂರ್ತಿ ಸಾಬೀತು ಮಾಡಲು ಆಗದಿದ್ದರೂ, ಬೆಲೆ ಕಂಡು, ಪರಿಸ್ಥಿತಿ ಕಂಡು, ಹಣ ವಾಪಸ್ ಕೊಡಿಸಿ ಮನೆ ಉಳಿಸಬಹುದಿತ್ತು. ಈಗ ಆ ಆಸರೆ ಹೋಗಿದೆ. ಉಳಿದಿರುವುದು ಕಾಗದವೇ ನೆಪ, ನಿಜವಾದ ವ್ಯವಹಾರ ಬೇರೆ ಎಂದು ಸಾಕ್ಷಿ ಸಮೇತ ತೋರಿಸುವ ದಾರಿ. ಬರೆದ ಕಾಗದದ ವಿರುದ್ಧ ಬಾಯಿಮಾತಿನ ಸಾಕ್ಷಿ ಸಾಮಾನ್ಯವಾಗಿ ನಡೆಯುವುದಿಲ್ಲ. ಆದರೆ ಆ ಕಾಗದ ಜಾರಿಗೆ ಬರಲೆಂದೇ ಬರೆದದ್ದಲ್ಲ ಎಂದು ತೋರಿಸಲು ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 1980ರ ದಶಕದ ಆರಂಭದಲ್ಲೇ ಹೇಳಿದೆ. ಬಡ್ಡಿ ಕಟ್ಟಿದ ಯುಪಿಐ ದಾಖಲೆ, ವಾಟ್ಸ್ಆ್ಯಪ್‌ನಲ್ಲಿ ‘ಈ ತಿಂಗಳ ಬಡ್ಡಿ ಎಲ್ಲಿ’ ಎಂದು ಬಂದ ಸಂದೇಶ ಇಲ್ಲಿ ಪ್ರಾಣ ಉಳಿಸುತ್ತವೆ. ವ್ಯಾಪಾರಿಗಳ ನಡುವಿನ ಕರಾರಿಗೂ, ಸಾಲಕ್ಕೆ ಸಿಕ್ಕವರ ಕರಾರಿಗೂ ಒಂದೇ ‘ಬೇಕು’ ಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ವಾಸದ ಮನೆಗಾದರೂ ಆ ಹಳೇ ವಿವೇಚನೆಯ ಒಂದು ತುಣುಕನ್ನು ಉಳಿಸಬಹುದಿತ್ತು.

ಕಟ್ಟುತ್ತಿರುವ ಫ್ಲಾಟ್ ಕೊಂಡವರು ಈ ದಾರಿಗೆ ಬರಬೇಕಿಲ್ಲ. ಅವರಿಗೆ 2016ರ ರೇರಾ ಕಾಯ್ದೆ ಇದೆ. ಹತ್ತು ಪರ್ಸೆಂಟಿಗಿಂತ ಜಾಸ್ತಿ ಹಣ ಕೇಳುವ ಮೊದಲು ಬಿಲ್ಡರ್ ಅಗ್ರಿಮೆಂಟ್ ನೋಂದಣಿ ಮಾಡಿಕೊಡಬೇಕು. ಮನೆ ಕೊಡುವುದು ತಡವಾದರೆ ಬಡ್ಡಿ ಕೇಳಬಹುದು.

ಮನೆ ಸಿಗುವುದಿಲ್ಲ ಎಂದಾದರೆ ಅಡ್ವಾನ್ಸ್ ಕತೆ ಏನು? ಇಲ್ಲೊಂದು ಎಚ್ಚರ ಬೇಕು. ಮನೆ ಕೊಡಿಸಿ, ಅದಾಗದಿದ್ದರೆ ಹಣ ವಾಪಸ್ ಕೊಡಿಸಿ ಎಂದು ಎರಡನ್ನೂ ದಾವೆಯಲ್ಲೇ ಕೇಳಬೇಕು. ಕೇಳದೆ ಕೋರ್ಟ್ ತಾನಾಗಿ ಕೊಡುವುದಿಲ್ಲ. ಮರೆತಿದ್ದರೆ ಯಾವ ಹಂತದಲ್ಲಾದರೂ ತಿದ್ದುಪಡಿ ಮಾಡಿ ಸೇರಿಸಬಹುದು. ಮಾರುವವರು ಕೈಕೊಟ್ಟಿದ್ದರೆ ನೀವು ಕೊಟ್ಟ ಹಣಕ್ಕೆ ಆ ಮನೆಯ ಮೇಲೇ ಋಣಭಾರ ಇರುತ್ತದೆ. ತಪ್ಪು ನಿಮ್ಮದೇ ಆಗಿದ್ದರೆ ಮಾರುವವರು ಸಂಚಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಆದರೆ ‘ಅಡ್ವಾನ್ಸ್’ ಎಂದು ಕೊಟ್ಟದ್ದೆಲ್ಲ ಸಂಚಕಾರ ಆಗುವುದಿಲ್ಲ. ವ್ಯವಹಾರಕ್ಕೆ ಖಾತ್ರಿಯಾಗಿ ಕೊಟ್ಟದ್ದು ಮಾತ್ರ ಸಂಚಕಾರ. ಬೆಲೆಯ ಕಂತಾಗಿ ಕೊಟ್ಟದ್ದನ್ನು ನುಂಗಿಕೊಳ್ಳುವಂತಿಲ್ಲ.

ಕೇಸು ಹಾಕುವ ಖರ್ಚೂ ಕಡಿಮೆ ಅಲ್ಲ. ಕರ್ನಾಟಕದಲ್ಲಿ ಕೋರ್ಟ್ ಶುಲ್ಕ ಲೆಕ್ಕ ಹಾಕುವುದು ನೀವು ಕೊಟ್ಟ ಅಡ್ವಾನ್ಸ್ ಮೇಲಲ್ಲ, ಅಗ್ರಿಮೆಂಟಿನ ಪೂರ್ತಿ ಬೆಲೆಯ ಮೇಲೆ. ಸಮನ್ಸ್ ತಲುಪಿದ ದಿನದಿಂದ 12 ತಿಂಗಳಲ್ಲಿ, ಹೆಚ್ಚೆಂದರೆ ಇನ್ನೂ 6 ತಿಂಗಳಲ್ಲಿ ಕೇಸು ಮುಗಿಯಬೇಕು ಎಂದು 2018ರ ತಿದ್ದುಪಡಿ ಬರೆದಿದೆ. ಮುಗಿಯದಿದ್ದರೆ ಏನು ಎಂದು ಬರೆದಿಲ್ಲ. ಮುಂದೆ ಮೇಲ್ಮನವಿಗಳ ಸಾಲು ಇದ್ದೇ ಇದೆ. ‘ಬಹುದು’ ತೆಗೆದು ‘ಬೇಕು’ ಹಾಕಲು ಒಂದು ತಿದ್ದುಪಡಿ ಸಾಕಾಯಿತು. ವರ್ಷಗಳನ್ನು ತಿಂಗಳಿಗೆ ಇಳಿಸಲು ನ್ಯಾಯಾಧೀಶರು ಬೇಕು, ಸಿಬ್ಬಂದಿ ಬೇಕು. ಅಲ್ಲಿಯವರೆಗೆ ಎಳೆಯುವವರಿಗೆ ಬಹುಮಾನ ಪೂರ್ತಿ ತಪ್ಪುವುದಿಲ್ಲ. ಎಷ್ಟೋ ಕೊಳ್ಳುವವರು ನಡುವಿನಲ್ಲೇ ಸುಸ್ತಾಗಿ, ಒಂದಿಷ್ಟು ಹೆಚ್ಚು ಹಣ ಪಡೆದು ರಾಜಿಯಾಗುತ್ತಾರೆ. ಅದನ್ನು ಸೋಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ರಾಜಿಗೆ ಒಪ್ಪದೆ ಕೊನೆವರೆಗೆ ನಿಂತು ಗೆದ್ದವರಿಗೆ ಇನ್ನೊಂದು ಗಡುವು ಕಾದಿರುತ್ತದೆ. ಡಿಕ್ರಿಯಲ್ಲಿ ಹೇಳಿದ ದಿನದೊಳಗೆ ಉಳಿದ ಹಣ ಕಟ್ಟಬೇಕು. ಕಟ್ಟದಿದ್ದರೆ ಮಾರುವವರು ನಿರ್ದಿಷ್ಟ ಪರಿಹಾರ ಕಾಯ್ದೆಯ 28ನೇ ಸೆಕ್ಷನ್ ಹಿಡಿದು, ಕರಾರನ್ನೇ ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಬರಬಹುದು. ಇಷ್ಟು ವರ್ಷ ಹೋರಾಡಿ, ಗೆದ್ದ ಮೇಲೆ ಒಂದು ತಿಂಗಳ ಗಡುವು ತಪ್ಪಿಸಿಕೊಂಡು ಮತ್ತೆ ಕೈಮುಗಿದು ನಿಂತವರಿದ್ದಾರೆ. ಸಮಯ ವಿಸ್ತರಿಸುವ ಅಧಿಕಾರ ಕೋರ್ಟಿಗಿದೆ, ಆದರೆ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ.

ಹಣ ಕಟ್ಟಿದ ಮೇಲೂ ಮಾರುವವರು ಸಹಿ ಹಾಕಲು ಬರದಿದ್ದರೆ? ಆಗ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಬೇಕು. ಕೋರ್ಟು ಕ್ರಯಪತ್ರದ ಕರಡು ತರಿಸಿಕೊಂಡು ಎದುರಿನವರಿಗೆ ಕಳಿಸುತ್ತದೆ, ಆಕ್ಷೇಪಣೆ ಇದ್ದರೆ ಕೇಳುತ್ತದೆ. ಆಮೇಲೆ ಅವರ ಒಪ್ಪಿಗೆಗೆ ಕಾಯುವುದಿಲ್ಲ. ಕೋರ್ಟು ನೇಮಿಸಿದ ಅಧಿಕಾರಿಯೊಬ್ಬರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು, ಎಲ್ಲರ ಹಾಗೆ ಸರದಿಯಲ್ಲಿ ಕೂತು, ಎಂದೂ ನೋಡಿರದ ಮನೆಯ ಕ್ರಯಪತ್ರಕ್ಕೆ ಮಾರುವವರ ಪರವಾಗಿ ಸಹಿ ಹಾಕುತ್ತಾರೆ.